ಹತ್ತಿ ಬರುವ ಬಾಗಿಲು

ಬೆಟಗೇರಿ
೧೦ ಜೂನ್ ೨೦೨೪

ಡಂಬಳದ ಅನ್ನಪೂರ್ಣ ದೊಡ್ಡವ್ವನಿಗೆ ನಿನ್ನ ತಂಗಿಯ ಮಗಳು ಶಿವಲಕ್ಷ್ಮಿಯ ನಮಸ್ಕಾರ.

ಪತ್ರದಲ್ಲಿ ಮೊದಲು ಕ್ಷೇಮ ಎಂದು ಬರೆಯಬೇಕು ಎಂದು ನೀನೇ ಕಲಿಸಿದ್ದೀ. ಅವ್ವ ಕ್ಷೇಮ. ನನ್ನದು ಏನೆಂದು ಕೆಳಗಿನದನ್ನು ಓದಿ ನೀನೇ ಹೇಳು.

ನನಗೆ ಕೆಲಸ ಸಿಕ್ಕಿದೆ. ಗದಗಿನಲ್ಲಿ ಶಾಲೆ ಮಕ್ಕಳ ಯುನಿಫಾರ್ಮ್ ಹೊಲಿಯುವ ಗಾರ್ಮೆಂಟ್ಸ್. ನಮ್ಮ ಓಣಿಯ ಫಿಜಾ ಮೊದಲೇ ಸೇರಿದ್ದಳು, ಅವಳೇ ಕರೆದುಕೊಂಡು ಹೋದಳು. ಅಲ್ಲಿಯ ಸೂಪರ್‌ವೈಸರ್ ನಂದೀಶಣ್ಣ "ಹೆಸರೇನವಾ?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಫಿಜಾ, "ಶಿವಲಕ್ಷ್ಮಿ ಅಂತ್ರಿ ಅಣ್ಣಾ. ಮಾತು ಕಡಿಮಿ, ಕೈ ಜೋರ ಅದಾವ" ಎಂದಳು. ಅವನು ನಕ್ಕ. "ಅಂಥಾಕಿನ ಬೇಕಿತ್ತು ನಮಗ. ಉಳದಾವೆಲ್ಲಾ ಗುಬ್ಬಿ ಹಿಂಡು" ಎಂದ. ಅಷ್ಟೇ, ಕೆಲಸ ಆಯಿತು.

ಜಾಗ ಯಾವುದು ಎಂದು ಬರೆದರೆ ನೀನು ಬೈಯುತ್ತೀ. ರೈಲು ಹಳಿಯ ಪಕ್ಕದ ಹಳೆಯ ಹತ್ತಿ ಪ್ರೆಸ್ಸು. ನೀನು ಅರಳೆ ತುಳಿದ ಅದೇ ಪ್ರೆಸ್ಸು. ಪಕ್ಕದ, ಹತ್ತಿ ಬಿಡಿಸುವ ಜಿನ್ನು ಈಗ ಇಲ್ಲ. ಅದನ್ನು ಕೆಡವಿ ಪ್ಲಾಟು ಮಾಡಿದ್ದಾರೆ. ಚಿಮಣಿಯೂ ಪ್ರೆಸ್ಸೂ ಉಳಿದಿವೆ. ಹೊರಗೆ ಬಿಳಿ ಬಣ್ಣ ಬಳಿದು ಬೋರ್ಡು ಹಾಕಿದ್ದಾರೆ, ಹತ್ತಿರ ಹೋದರೆ ಒಳಗಿನ ಕಲ್ಲು ಕಾಣುತ್ತದೆ.

ನಾವು ಹೊಲಿಯುವುದು ಮೇಲಿನ ಅಟ್ಟದಲ್ಲಿ. ಮೆಟ್ಟಿಲು ಹತ್ತಿ ಬಾಗಿಲಿಂದ ಒಳಗೆ ಹೋದರೆ ಎಡಕ್ಕೂ ಬಲಕ್ಕೂ ಮಿಷನ್ನುಗಳ ಸಾಲು. ಫಿಜಾ ಮತ್ತು ನಾನು ಎಡಗಡೆ. ಎಲ್ಲ ಮಿಷನ್ನು ಒಮ್ಮೆಗೆ ಓಡಿದಾಗ ನೆಲ ನಡುಗುತ್ತದೆ, ಬಾಟಲಿಯಲ್ಲಿ ನೀರು ತಾನೇ ಅಲುಗುತ್ತದೆ. ಊಟಕ್ಕೆ ಎಲ್ಲರೂ ಒಟ್ಟಿಗೆ ಎದ್ದಾಗ ಒಂದು ಸದ್ದು ಬರುತ್ತದೆ. ಮುದುಕರು ಏಳುವಾಗ ಮೊಣಕಾಲು ಲಟಕ್ ಅಂದ ಹಾಗೆ. ಉಳಿದವರು ಅದನ್ನು ಕೇಳಿಸಿಕೊಳ್ಳುವುದಿಲ್ಲ, ಅವರು ಮಾತಾಡುತ್ತಿರುತ್ತಾರೆ. ನಾನು ಮಾತಾಡುವುದಿಲ್ಲವಲ್ಲ, ಅದಕ್ಕೆ ಕೇಳಿಸುತ್ತದೆ.

ನೆಲದ ಮೇಲೆ ಹಸಿರು ಮ್ಯಾಟು ಅಂಟಿಸಿದ್ದಾರೆ. ಅದರ ಕೆಳಗೆ ಏನಿದೆ ದೊಡ್ಡವ್ವ?

ಫೋನಿನಲ್ಲಿ ನಿನಗೆ ಕೇಳುವುದಿಲ್ಲ, ನನಗೆ ಮಾತು ಬರುವುದಿಲ್ಲ. ನಿನ್ನ ಕಿವಿಯನ್ನು ಜಿನ್ನಿನ ಸದ್ದು ತಿಂದಿತು. ನನ್ನ ನಾಲಿಗೆ ಏನಾಯಿತೋ ಗೊತ್ತಿಲ್ಲ. ಅದಕ್ಕೆ ಐದನೇ ಇಯತ್ತೆಯ ಅಕ್ಷರದಲ್ಲಿ ಬರೆದಿದ್ದೇನೆ. ಮುಂಡರಗಿ ಬಸ್ಸಿನ ಕಂಡಕ್ಟರ್ ಸಂಗಪ್ಪಣ್ಣ ಡಂಬಳದಲ್ಲಿ ನಿನ್ನ ಕೈಗೆ ಕೊಡುತ್ತೇನೆ ಎಂದಿದ್ದಾನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು.

ನಿನ್ನ ಮಗಳಂಥ
ಶಿವಿ


ಡಂಬಳ
೧೭ ಜೂನ್ ೨೦೨೪

ಶಿವಿಗೆ,

ಬಿಟ್ಟು ಬಾ ಎಂದು ಬರೆಯಲು ಕೂತಿದ್ದೆ. ನಿಮ್ಮವ್ವನ ಮಂಜಾದ ಕಣ್ಣು ನೆನಪಾಯಿತು. ಆ ಕಣ್ಣಿನಲ್ಲಿ ಅವಳು ಇನ್ನೆಷ್ಟು ದಿನ ನೇಕಾರರ ಮನೆಯ ನೂಲಿನ ಕಂಡಿಕೆ ಸುತ್ತಿಯಾಳು? ಆದ್ದರಿಂದ ಬಿಡು ಎನ್ನುವುದಿಲ್ಲ. ನಾನು ಹೇಳಿದಂತೆ ಇರು.

ಆ ಅಟ್ಟದ ನೆಲ ಹಲಗೆಯದು. ಅದರಲ್ಲಿ ಒಂದು ಬಾಯಿ ಇದೆ, ಎರಡು ಎತ್ತು ನಿಲ್ಲುವಷ್ಟು ಅಗಲ. ಕೆಳಗಿನ ಪ್ರೆಸ್ಸಿನ ದೊಡ್ಡ ಪೆಟ್ಟಿಗೆ ಅಲ್ಲಿಯವರೆಗೆ ಎದ್ದು ನಿಲ್ಲುತ್ತಿತ್ತು. ಜಿನ್ನಿನಲ್ಲಿ ಕಾಳು ತೆಗೆದ ಅರಳೆಯನ್ನು ನಾವು ಹೊತ್ತು ತಂದು ಆ ಬಾಯಿಗೆ ಸುರಿಯುತ್ತಿದ್ದೆವು. ಕೆಲವರು ಒಳಗಿಳಿದು ತುಳಿಯುತ್ತಿದ್ದೆವು. ನಾವು ಮೇಲೆ ಹತ್ತಿ ಬಂದ ಮೇಲೆ ಕೆಳಗಿನಿಂದ ಯಂತ್ರ ಒತ್ತಿ ಅರಳೆಯ ಅಂಡಿಗೆ ಕಟ್ಟುತ್ತಿತ್ತು. ಪ್ರೆಸ್ಸು ನಿಂತಾಗ ಪೆಟ್ಟಿಗೆಯ ಕಬ್ಬಿಣ ಮಾರಿಕೊಂಡರು. ಪೆಟ್ಟಿಗೆಯ ಹಲಗೆಗಳನ್ನೇ ಒಡೆದು ತೆಗೆದು ಬಾಯಿಗೆ ಮುಚ್ಚಿದರು. ನೀರು ಕುಡಿದ ಹಲಗೆ ಅವು. ಮುಚ್ಚುವಾಗ ನಾನು ಅಲ್ಲೇ ನಿಂತಿದ್ದೆ.

ಆ ಬಾಯಿ ಇರುವುದು ಎಡಕ್ಕೆ, ಎಡಗೋಡೆಗೆ ಹತ್ತಿಕೊಂಡೇ. ಬಾಗಿಲಿಂದ ಒಳಗೆ ಬಂದವಳೇ ಬಲಕ್ಕೆ ತಿರುಗು. ಬಲಗೋಡೆಯ ಹತ್ತಿರ ಕೂಡು. ಎಡಕ್ಕೆ ಕಾಲಿಡಬೇಡ. ಫಿಜಾಳನ್ನೂ ಕರೆದುಕೋ. ಉಳಿದವರಿಗೆ ನಿನ್ನಿಂದ ಹೇಳಲು ಆಗದಿದ್ದರೆ ಅವಳು ಹೇಳಲಿ.

ಚಪ್ಪಲಿ ಕೆಳಗೇ ಬಿಟ್ಟು ಹತ್ತು. ನಾವೆಲ್ಲ ಹಾಗೇ ಹತ್ತುತ್ತಿದ್ದೆವು. ಅಷ್ಟು ಸದ್ದಿನಲ್ಲಿ ಯಾರ ಕೂಗೂ ಯಾರಿಗೂ ಕೇಳಿಸುತ್ತಿರಲಿಲ್ಲ. ಹಲಗೆ ಏನು ಹೇಳುತ್ತದೆ ಎಂದು ಅಂಗಾಲಿಗೆ ತಿಳಿಯಬೇಕಿತ್ತು.

ನಿನ್ನ ದೊಡ್ಡವ್ವ
ಅನ್ನಪೂರ್ಣವ್ವ


ಬೆಟಗೇರಿ
೨ ಜುಲೈ ೨೦೨೪

ದೊಡ್ಡವ್ವ,

ನೀನು ಹೇಳಿದಂತೆಯೇ ಮಾಡಿದೆವು. ಈಗ ನಾವು ಬಲಗಡೆ ಇದ್ದೇವೆ, ಗೋಡೆಯ ಪಕ್ಕ, ಕಿಟಕಿಯ ಹತ್ತಿರ. ಕಿಟಕಿಯ ತುಂಬ ಚಿಮಣಿ ಕಾಣುತ್ತದೆ.

ಬಲಗಡೆ ಕೂತಿದ್ದವಳು ಮಂಜುಳಾ, ಅವಳ ಪಕ್ಕದ ಮಿಷನ್ನು ಖಾಲಿ ಇತ್ತು. ಎರಡು ಮಕ್ಕಳ ತಾಯಿ, ಬಾಯಿ ಜೋರು. ಫಿಜಾ ಹೋಗಿ, "ಮಂಜಕ್ಕಾ, ನಮಗ ಗಾಳಿ ಬೇಕಾಗೇತಿ, ಜಾಗಾ ಬದಲಿ ಮಾಡೋಣೇನು?" ಎಂದಳು. ಮಂಜುಳಾ ಕೇಳಿದ್ದೇ ತಡ ರೀಲು, ಕತ್ತರಿ ಎಲ್ಲ ಸೆರಗಿಗೆ ತುಂಬಿಕೊಂಡಳು. "ಬರ್ರೆವಾ ಬರ್ರಿ, ಗಾಳಿ ಕುಡೀರಿ. ಇಲ್ಲಿ ಮಿಷನ್ನಿಗೆ ಕಾಲ್ ಬಂದಾವ, ದಿನಾ ಒಂದೀಟ ಸರೀತೈತಿ. ಹಿಡಕೊಂಡು ಕುಂಡ್ರಿ" ಎಂದು ನಕ್ಕಳು.

ಉಳಿದವರಿಗೆ ಹೇಳು ಎಂದಿದ್ದೆಯಲ್ಲ. ನನ್ನಿಂದ ಆಗಲಿಲ್ಲ. ಫಿಜಾ ನಂದೀಶಣ್ಣನಿಗೆ ಹೇಳಿದಳು. "ಅಣ್ಣಾ, ಆ ಎಡಗಡೆ ನೆಲದಾಗ ಹಳೇ ಹೊಂಡ ಐತಂತ, ಹಲಗಿ ಮುಚ್ಯಾರಂತ. ಖರೆ ಏನ್ರಿ?"

"ಯಾರಂದ್ರು?" ಎಂದ ಅವನು.

"ಶಿವಿ ದೊಡ್ಡವ್ವ. ಇಲ್ಲೇ ದುಡದಾಕಿ."

"ಮುದುಕ್ಯಾರ ಮಾತು ಕಟಗೊಂಡು ಏನ್ ಮಾಡ್ತಿ? ಇಂಥಾ ಖಬರ ಗೇಟಿನಾಚಿ ಹೋತಂದ್ರ ನಾಳೆ ಕೀಲಿ ಹಾಕತಾರ ನೋಡು. ಆಮ್ಯಾಲೆ ನಿಮ್ಮನ್ಯಾಗ ಒಲಿ ನಾ ಹಚ್ಚಲಿ?" ಎಂದು ಬೈದ. ಆದರೆ ಒಂದು ಮಾತು ದೊಡ್ಡವ್ವ. ಫಿಜಾ ಕೈ ತೋರಿಸಿದ್ದು ಎಡಕ್ಕೆ. ಅವನು ತಿರುಗಿ ನೋಡಿದ್ದು ಬಲಕ್ಕೆ. ಏಕೆ ಎಂದು ನನಗೆ ತಿಳಿಯಲಿಲ್ಲ.

ಇನ್ನೊಂದು ನೆಮ್ಮದಿ. ಎಡಗಡೆ ಇದ್ದಾಗ ನಂದೀಶಣ್ಣ ಬೆನ್ನ ಹಿಂದೆ ಬಂದು ನಿಂತು ನಾನು ಹೊಲಿದ ಕಾಲರು ಎಳೆದು ನೋಡುತ್ತಿದ್ದ, ನನ್ನ ಹೊಲಿಗೆ ಸೊಟ್ಟ ಹೋಗುತ್ತಿತ್ತು. ಇಲ್ಲಿಗೆ ಅವನು ಬರುವುದೇ ಇಲ್ಲ. ಆಚೆ ಗೋಡೆಯ ಹತ್ತಿರ ನಿಂತು ಕೋಳಿ ಕರೆದ ಹಾಗೆ ಕರೆಯುತ್ತಾನೆ, ನಾವೇ ಬಟ್ಟೆ ಒಯ್ದು ತೋರಿಸಬೇಕು.

ಫಿಜಾಳ ನಿಕಾಹ ದೀಪಾವಳಿ ಆದ ಮೇಲೆ ಎಂದು ಗೊತ್ತಾಗಿದೆ. ಊಟದ ಹೊತ್ತಿನಲ್ಲಿ ತನ್ನ ಕೆಂಪು ಬಟ್ಟೆ ತಾನೇ ಹೊಲಿದುಕೊಳ್ಳುತ್ತಾಳೆ.

ಬೇಗ ಬರೆ. ನಾನು ಸರಿಯಾದ ಕಡೆ ಇದ್ದೇನೆ ಎಂದು ನಿನ್ನ ಅಕ್ಷರದಲ್ಲಿ ನೋಡಬೇಕಾಗಿದೆ.

ಶಿವಿ


ಬೆಟಗೇರಿ
೩೦ ಜುಲೈ ೨೦೨೪

ದೊಡ್ಡವ್ವ,

ನಿನ್ನ ಉತ್ತರ ಬರಲಿಲ್ಲ. ಹೆಸರಿನ ಹೊಲದ ಕಳೆ ತೆಗೆಯುವ ಕಾಲ, ನಿನಗೆ ಪುರಸೊತ್ತು ಇಲ್ಲ ಎಂದು ಅವ್ವ ಹೇಳುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಸಂಗಪ್ಪಣ್ಣ ಕಂಡ. ಮೊದಲಿನ ಪತ್ರ ಕೊಟ್ಟೆಯಾ ಎಂದು ಕೇಳಬೇಕೆಂದು ಹೋದೆ. ಬಾಯಿ ಬರಲಿಲ್ಲ.

ಮೊನ್ನೆಯಿಂದ ಮಳೆ. ಪ್ರೆಸ್ಸಿನ ಮಾಡು ಸೋರುತ್ತದೆ, ನಮ್ಮ ಮೂಲೆಯಲ್ಲೇ ಹೆಚ್ಚು. ಮ್ಯಾಟಿನ ಮೇಲೆ ಬಿದ್ದ ನೀರು ನಿಲ್ಲುವುದಿಲ್ಲ, ಒಂದೇ ಕಡೆ ಹರಿದು ಹೋಗಿ ಎಲ್ಲೋ ಇಳಿಯುತ್ತದೆ.

ಬಟನ್ನು ಕೈ ಜಾರಿ ಬಿದ್ದರೆ ಅದೂ ಅಲ್ಲಿಗೇ ಉರುಳುತ್ತದೆ. ನನ್ನ ಮಿಷನ್ನಿನ ಮುಂದೆ ಮ್ಯಾಟು ಹರಿದು ಒಂದು ಸೀಳು ಆಗಿದೆ. ಅದರೊಳಗೆ ಬಟನ್ನು ಹೋಗುತ್ತದೆ. ಹೋದದ್ದು ಕಾಣುತ್ತದೆ, ಸದ್ದು ಕೇಳಿಸುವುದಿಲ್ಲ. ಮಿಷನ್ನು ನಿಂತಿದ್ದರೆ, ಸದ್ದು ಬರುವುದೇ ಇಲ್ಲ ಎಂದುಕೊಂಡ ಮೇಲೆ, ಬಹಳ ಕೆಳಗೆ ಟಿಣ್ ಎನ್ನುತ್ತದೆ. ಫಿಜಾಳಿಗೆ ಅದು ಆಟ. "ಬಾವ್ಯಾಗ ಕಲ್ಲ ಒಗದಂಗ ಆಕ್ಕೈತಿ ನೋಡ ಲೇ" ಎಂದು ಇನ್ನೊಂದು ಬಟನ್ನು ಬಿಡುತ್ತಾಳೆ. ಅವಳು ನಕ್ಕರೆ ನಾನು ಬಟನ್ನಿನ ಡಬ್ಬಿಯನ್ನು ನನ್ನ ಕಡೆ ಎಳೆದುಕೊಳ್ಳುತ್ತೇನೆ.

ಮಿಷನ್ನಿನ ಕಾಲಡಿ ಬಟ್ಟೆ ಮಡಿಸಿ ಇಟ್ಟೆ. ಆದರೂ ಸರಿಯುತ್ತದೆ. ಸಂಜೆ ಹಿಂದಕ್ಕೆ ಎಳೆದು ಹೋದರೆ ಮರುದಿನ ಮತ್ತೆ ಎಳೆಯಬೇಕು. ಬರಿಗಾಲಲ್ಲಿ ಕೂತಿರುತ್ತೇನೆ. ಅಂಗಾಲಿಗೆ ತಿಳಿಯುತ್ತದೆ ಎಂದಿದ್ದೀ. ತಿಳಿಯುತ್ತಿದೆ. ಉಸಿರಾಡುವ ದನದ ಹೊಟ್ಟೆಯ ಮೇಲೆ ಕಾಲಿಟ್ಟ ಹಾಗಿದೆ.

ಆಗ ನನಗೆ ನಾನೇ ಹೇಳಿಕೊಳ್ಳುತ್ತೇನೆ, ದೊಡ್ಡವ್ವ ಕೂಡು ಎಂದ ಕಡೆಯೇ ಇದ್ದೇನೆ, ಹೆದರಬಾರದು. ಆದರೆ ಒಳ್ಳೆಯ ಕಡೆಯೇ ಹೀಗಿದ್ದರೆ ಎಡಗಡೆ ಹೇಗಿರಬೇಕು? ಅಲ್ಲಿ ಮಂಜುಳಾ ಕೂತಿದ್ದಾಳೆ. ನಾನು ಬಿಟ್ಟ ಜಾಗದಲ್ಲಿ ಅವಳನ್ನು ಕೂರಿಸಿದ್ದೇನೆ. ಅವಳ ಸಣ್ಣ ಮಗ ಸಂಜೆ ಗೇಟಿನಲ್ಲಿ ಕಾಯುತ್ತಿರುತ್ತಾನೆ. ಅವನ ಮುಖ ನೋಡದೆ ದಾಟಿ ಬರುತ್ತೇನೆ.

ಒಂದು ಸಾಲು ಬರೆದರೂ ಸಾಕು.

ಶಿವಿ


ಡಂಬಳ
೨೧ ಆಗಸ್ಟ್ ೨೦೨೪

ಶಿವಿ, ಏಳು. ಆ ಮೂಲೆಯಿಂದ ಏಳು.

ಸಂಗಪ್ಪನನ್ನು ನಡುವೆ ಶಿರಹಟ್ಟಿ ಗಾಡಿಗೆ ಹಾಕಿದ್ದರಂತೆ. ನಿನ್ನ ಎರಡೂ ಪತ್ರ ಅವನ ಚೀಲದಲ್ಲೇ ಉಳಿದಿದ್ದವು. ಇವತ್ತು ಬೆಳಿಗ್ಗೆ ತಂದು ಕೊಟ್ಟ. ಓದಿದೆ. ಚಿಮಣಿ ಕಾಣುವ ಕಿಟಕಿ ಎಂದು ಬರೆದಿದ್ದೀ.

ನಾನು ಅರಳೆಯ ಗಂಟು ಹೊತ್ತು ಒಳಗೆ ಬಂದರೆ ಚಿಮಣಿ ನನ್ನ ಎಡಕ್ಕೆ ಇರುತ್ತಿತ್ತು. ಎಂದೂ ಬಲಕ್ಕೆ ಇರಲಿಲ್ಲ. ಬಾಗಿಲು ಎಂದರೆ ನಮಗೆ ಹತ್ತಿ ಬರುವ ಬಾಗಿಲು, ರೈಲಿನ ಕಡೆಯದು. ಪ್ರೆಸ್ಸಿನವರು ಎಡ ಬಲ ಎನ್ನುವುದು ಅಲ್ಲಿ ನಿಂತೇ. ಹಾಗಾದರೆ ನೀನು ಎದುರು ಬದಿಯಿಂದ, ಊರ ಕಡೆಯಿಂದ ಒಳಗೆ ಹೋಗುತ್ತಿದ್ದೀ. ಅಲ್ಲಿ ಬಾಗಿಲು ಇರಬಹುದು ಎಂದು ನನ್ನ ತಲೆಗೆ ಹೋಗಲೇ ಇಲ್ಲ. ನಮ್ಮ ಕಾಲದಲ್ಲಿ ಅಟ್ಟಕ್ಕೆ ಆ ಕಡೆ ಬರೀ ಗೋಡೆ. ನಿನ್ನ ಬಲ ನನ್ನ ಎಡ, ಶಿವಿ. ನೀನು ಆ ಬಾಯಿಯ ಮೇಲೆ ಕೂತಿದ್ದೀ. ನಂದೀಶ ಆಚೆ ಗೋಡೆ ಬಿಟ್ಟು ಬರುವುದಿಲ್ಲ ಎಂದೂ ಬರೆದಿದ್ದೀ. ಅವನಿಗೆ ಗೊತ್ತಿದೆ.

ಪಕ್ಕದ ಮನೆಯವರಿಂದ ಫೋನ್ ಮಾಡಿಸಿದೆ. ನಿನ್ನದು ಹತ್ತುವುದಿಲ್ಲ. ನೀನು ಆಗಲೇ ಹೋಗಿದ್ದೀ, ಕೆಲಸದ ಹೊತ್ತಿನಲ್ಲಿ ಫೋನ್ ಗೇಟಿನಲ್ಲೇ ಇಟ್ಟುಕೊಳ್ಳುತ್ತಾರೆ ಎಂದು ನಿಮ್ಮವ್ವ ಹೇಳಿದಳಂತೆ. ಕಣ್ಣು ಕಾಣದ ಅವಳನ್ನು ಅಲ್ಲಿಗೆ ಹೇಗೆ ಕಳಿಸಲಿ?

ಇಷ್ಟು ಬರೆದು ಸಂಗಪ್ಪನಿಗೆ ಕೊಡಲು ಬಂದೆ. ಕೊಡಲಿಲ್ಲ. ನಾನೇ ಬಸ್ಸು ಹತ್ತಿದೆ. ಇದನ್ನು ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಅವರು ಏನು ಕೇಳಿದರೂ ನನಗೆ ಕೇಳಿಸುವುದಿಲ್ಲ, ಅದಕ್ಕೆ ಈ ಕಾಗದವನ್ನೇ ತೋರಿಸುತ್ತೇನೆ.

ಗೇಟಿನಲ್ಲಿ ಇರುವವರಿಗೆ: ನನಗೆ ಕಿವಿ ಕೇಳುವುದಿಲ್ಲ. ನಾನು ಹುಚ್ಚಿಯಲ್ಲ. ಇಲ್ಲಿಯೇ ದುಡಿದವಳು. ನನ್ನ ಮಗಳು ಮೇಲೆ ಇದ್ದಾಳೆ. ತಡೆಯಬೇಡಿರಿ.

ಅನ್ನಪೂರ್ಣವ್ವ, ಡಂಬಳ


ಬೆಟಗೇರಿ
೨೮ ಆಗಸ್ಟ್ ೨೦೨೪

ದೊಡ್ಡವ್ವ,

ಅಂದು ಯಾರು ಏನು ಅಂದರು ನಿನಗೆ ಕೇಳಿಸಲಿಲ್ಲ. ಬಸ್ಸು ಹತ್ತುವಾಗ ನೀನು, ಎಲ್ಲವನ್ನೂ ಬರೆದು ಕಳಿಸು ಎಂದಿ. ಬರೆಯುತ್ತೇನೆ.

ಕರೆಂಟು ಹೋಗಿತ್ತು. ಎಲ್ಲರೂ ಕೂತಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದೆವು. ನೀನು ಬಾಗಿಲಲ್ಲಿ ಬಂದು ನಿಂತಿ. ಬರಿಗಾಲು, ಕೈಯಲ್ಲಿ ಕಾಗದ, ಸೆರಗೆಲ್ಲ ಧೂಳು. ನಂದೀಶಣ್ಣ, "ಯಾರ್ರೀ ನೀವು? ಮ್ಯಾಲೆ ಬರೂಹಂಗಿಲ್ರಿ" ಎಂದ. ನೀನು ಅವನ ಕಡೆ ನೋಡಲೂ ಇಲ್ಲ. ಮಂಜುಳಾ, "ಯವ್ವಾ, ಇಲ್ಲಿ ರೊಟ್ಟಿ ಇಲ್ಲ, ಬರೇ ಅಂಗಿ ಅದಾವ. ಉಟಗೋತಿಯೇನು?" ಎಂದಳು. ಎಲ್ಲರೂ ನಕ್ಕರು. ಅವಳು ನನ್ನ ದೊಡ್ಡವ್ವ ಎಂದು ನಾನು ಹೇಳಬೇಕಿತ್ತು. ಕೈಯಲ್ಲಿದ್ದ ಕಾಲರನ್ನೇ ಮಡಿಸುತ್ತ ಕೂತೆ.

ನೀನು ನನ್ನನ್ನು ಹುಡುಕಿದಿ. ಸಿಕ್ಕ ಮೇಲೆ ಅಂಗೈ ಎತ್ತಿ ತೋರಿಸಿದಿ. ಆಶೀರ್ವಾದ ಮಾಡುತ್ತಿದ್ದಾಳೆ ಎಂದು ಕೆಲವರು ಅಂದುಕೊಂಡರಂತೆ. ಬದುವಿನ ಮೇಲೆ ನಡೆದಂತೆ ಕಾಲ ಬೆರಳಿಂದ ಬೆರಳಿಗೆ ಭಾರ ಹಾಕುತ್ತ ಬಂದಿ. ಆಗ ನಂದೀಶಣ್ಣನ ಮುಖ ನೋಡಿದೆ. ಅಂಥ ಹೆದರಿಕೆ ನಾನು ನನ್ನ ಮುಖದಲ್ಲಿ ಮಾತ್ರ ಇರುತ್ತದೆ ಎಂದುಕೊಂಡಿದ್ದೆ.

ನೀನು ದೂರದಲ್ಲೇ ನಿಂತು ನನ್ನ ಕೈ ಹಿಡಿದು ಎಳೆದುಕೊಂಡಿ. ಆಮೇಲೆ ಕೂಗಿದಿ, ನಿನಗೆ ನಿನ್ನ ದನಿ ಎಷ್ಟು ದೊಡ್ಡದು ಎಂದು ಗೊತ್ತಿಲ್ಲ. "ಒಬ್ಬೊಬ್ಬರ ಏಳ್ರಿ. ಓಡಬ್ಯಾಡ್ರಿ. ನಡುವ ಬರಬ್ಯಾಡ್ರಿ."

ಮಂಜುಳಾ, "ಏನ್ ನಾಟಕಾ ಇದು?" ಎಂದಳು.

ನಂದೀಶಣ್ಣ ಮೆಲ್ಲಗೆ ಅಂದದ್ದು ಇದು: "ಅಕಿ ಹೇಳಿದಂಗ ಮಾಡ್ರಿ. ಗ್ವಾಡಿ ಹಿಡಕೊಂಡು ನಡೀರಿ. ನಿಮ್ಮ ಕಾಲ್ ಬೀಳ್ತೀನಿ, ಓಡಬ್ಯಾಡ್ರಿ." ಅವನು ಹಾಗೆ ಅಂದ ಮೇಲೆ ಒಬ್ಬೊಬ್ಬರೇ ಗೋಡೆ ಹಿಡಿದು ನಡೆಯತೊಡಗಿದರು.

ಫಿಜಾ ಕಿಟಕಿಯ ಹತ್ತಿರ ಉಳಿದಿದ್ದಳು. "ದೊಡ್ಡವ್ವಾ, ನನ್ನ ನಿಕಾಹದ ಬಟ್ಟಿ ತಗೋತೀನಿ, ತಡಿ" ಎಂದು ಹಿಂದಕ್ಕೆ ತಿರುಗಿದಳು. ಆಗಲೇ ಕರೆಂಟು ಬಂತು. ಯಾರೋ ಮಿಷನ್ನಿನ ಪೆಡಲ್ ಮೇಲೆ ಕಾಲಿಟ್ಟೇ ಕೂತಿದ್ದರು, ಅದು ಓಡಿತು. ನೆಲ ದಿನಾ ನಡುಗುವ ಹಾಗೆಯೇ ನಡುಗಿತು, ಹೆಚ್ಚೇನೂ ಅಲ್ಲ. ಹಸಿರು ಮ್ಯಾಟು ತೊಟ್ಟಿಲಿನಂತೆ ನಡುವೆ ತಗ್ಗಿತು. ಫಿಜಾಳ ಮಿಷನ್ನು ಅವಳ ಕಡೆಗೆ ಬಾಗಿತು.

ನೀನು ನನ್ನ ಕೈ ಬಿಟ್ಟು ನೆಲಕ್ಕೆ ಬೋರಲ ಮಲಗಿದಿ. ಸೆರಗು ಬಿಚ್ಚಿ ಅವಳತ್ತ ಎಸೆದಿ. ಫಿಜಾ, "ಯಾ ಅಲ್ಲಾ, ಶಿವಿ, ಶಿವಿ" ಎನ್ನುತ್ತಿದ್ದಳು. ನಿನ್ನ ಸೆರಗು ಹಿಡಿದು ಹೊಟ್ಟೆಯ ಮೇಲೆ ಹರಿದುಕೊಂಡು ಬಂದಳು. ನಾನು ನಿನ್ನ ಕಾಲು ಹಿಡಿದಿದ್ದೆ. ಅವಳ ಪಾದ ದಾಟಿದ ಮೇಲೆ ಮಿಷನ್ನು ಹೋಯಿತು. ಬಟನ್ನಿನ ಹಾಗೆಯೇ. ಮೊದಲು ಕಾಣದಾಯಿತು, ಸದ್ದು ಆಮೇಲೆ ಬಂತು.

ಹೊಂಡದ ಅಂಚಿನಿಂದ ಕೆಳಗೆ ನೋಡಿದೆ. ಕತ್ತಲೆಯಲ್ಲಿ ಫಿಜಾಳ ಕೆಂಪು ಬಟ್ಟೆ ಮಾತ್ರ ಕಾಣುತ್ತಿತ್ತು. ಮನುಷ್ಯರು ಮಲಗಿದ ಹಾಗೆ ಬಿದ್ದಿತ್ತು.

ನಂದೀಶಣ್ಣ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ. "ನನಗ ಗೊತ್ತಿತ್ತವಾ ಶಿವಲಕ್ಷ್ಮಿ. ಮ್ಯಾಟ್ ಹಾಕಿಸಿದಾಂವ ನಾನ. ಹೇಳಿದ್ರ ಮುಚ್ಚತಾರ ಅಂತ ಸುಮ್ಮ ಇದ್ದೆ. ಇವತ್ತ ಬ್ಯಾಡ, ನಾಳೆ ಹೇಳೂನು ಅಂತ ದಿನಾ ಅಂದಕೊಂಡೆ." ನಾನೂ ದಿನಾ ಹಾಗೆಯೇ ಅಂದುಕೊಳ್ಳುತ್ತಿದ್ದೆ.

ಕೆಳಗೆ ಇಳಿದ ಮೇಲೆ ನೀನು ರೈಲಿನ ಕಡೆಗೆ ಹೋಗಿ ನಿಂತಿ. ಮೇಲೆ ನಿಮ್ಮ ಬಾಗಿಲಿದ್ದ ಜಾಗಕ್ಕೆ ಇಟ್ಟಿಗೆ ತುಂಬಿದ್ದನ್ನು ನೋಡುತ್ತಿದ್ದಿ. ಫಿಜಾ, "ಅಲ್ಲಾ, ಈ ಮೂಲಿಗೆ ನಾವು ಯಾಕ ಬಂದಿದ್ವಿ ಲೇ?" ಎಂದು ನನ್ನನ್ನು ಕೇಳಿದಳು. ಗಾಳಿಗೆ ಎಂದೆ. ಅವಳಿಗೂ ಗೊತ್ತು, ಅವಳೂ ಹೌದು ಎಂದಳು.

ಗೇಟಿಗೆ ಕೀಲಿ ಬಿದ್ದಿದೆ. ಅವ್ವ ಮತ್ತೆ ಕಂಡಿಕೆ ಸುತ್ತುತ್ತಿದ್ದಾಳೆ, ನೂಲು ಕಾಣದೆ ಬೆರಳಿಂದ ಹುಡುಕುತ್ತಾಳೆ.

ಶಿವಿ


ಡಂಬಳ
೯ ಸೆಪ್ಟೆಂಬರ್ ೨೦೨೪

ಶಿವಿಗೆ,

ಮೊಣಕೈ ತರಚಿದ್ದು ಮಾಯ್ದಿದೆ. ಹೆಸರುಕಾಯಿ ಬಿಡಿಸಿ ಮುಗಿಯಿತು. ಕೆರೆಗೆ ಒಂದಿಷ್ಟು ನೀರು ಬಂದಿದೆ. ಸಂಗಪ್ಪ ನನ್ನ ಮುಖ ನೋಡುವುದಿಲ್ಲ, ಟಿಕೆಟ್ಟು ಹರಿಯುತ್ತಾ ನಿಲ್ಲುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ ಎಂದು ನೀನು ಹೇಳು.

ಫಿಜಾಳಿಗೆ ಒಂದು ಕೆಂಪು ಖಣ ಕಳಿಸಿದ್ದೇನೆ. ಹೋದ ಬಟ್ಟೆಯಷ್ಟು ಚೆಂದ ಇಲ್ಲ.

ನಿದ್ದೆ ಬರುವುದಿಲ್ಲ. ಕಣ್ಣು ಮುಚ್ಚಿದರೆ ನೀನು ಒಳಗೆ ಬರುತ್ತೀ, ನಾನು ಕೈ ತೋರಿಸುತ್ತೇನೆ, ನೀನು ಹೋಗಿ ಕೂಡುತ್ತೀ. ಏನೂ ಕೇಳದೆ ಕೂಡುತ್ತೀ.

ದೊಡ್ಡವ್ವ


ಬೆಟಗೇರಿ
೧೬ ಅಕ್ಟೋಬರ್ ೨೦೨೪

ದೊಡ್ಡವ್ವ,

ದಸರೆಯ ನಾಲ್ಕು ದಿನ ಮೊದಲೇ ಬರೆಯಬೇಕಿತ್ತು. ಹಬ್ಬದಲ್ಲಿ ನಿನ್ನನ್ನು ಹೆದರಿಸಬಾರದು ಎಂದು ಬಿಟ್ಟೆ.

ಬರುವ ಸೋಮವಾರದಿಂದ ಕೆಲಸ ಮತ್ತೆ ಶುರು. ಮಾಲೀಕರು ಬಂದಿದ್ದರು. "ಮ್ಯಾಲೆ ಬ್ಯಾಡ, ಕೆಳಗ ಹೊಲೀರಿ. ಕೆಳಗ ಮಣ್ಣಿನ ನೆಲಾ, ಎಲ್ಲೂ ಬೀಳೂದಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಾರನೆಯ ದಿನ ಒಳಗೆ ಹೋಗಿ ನೋಡಿದೆ. ಅಂಡಿಗೆ ಇಡುತ್ತಿದ್ದ ಆ ಕೆಳಗಿನ ಕೋಣೆಗೆ ಬಿಳಿ ಸೀಲಿಂಗ್ ಹೊಡೆಸಿದ್ದಾರೆ. ಎಷ್ಟು ಚೆಂದ ಇದೆ ಎಂದರೆ ಮದುವೆ ಹಾಲಿನ ಹಾಗೆ, ಸಾಲು ಸಾಲು ಲೈಟು. ಅದರ ಮೇಲೆ ಏನಿದೆ ಎಂದು ಯಾರೂ ಕೇಳಲಿಲ್ಲ. ನಮ್ಮ ಅಟ್ಟವೇ ಇದೆ. ಹೊಂಡಕ್ಕೆ ಮತ್ತೆ ಹಲಗೆ ಮುಚ್ಚಿದ್ದಾರೆ. ಮೇಲೆ ಜಾಗ ಖಾಲಿ ಇದೆಯೆಂದು ಬಟ್ಟೆಯ ಥಾನುಗಳನ್ನು ಏರಿಸಿದ್ದಾರೆ, ಲಾರಿಗಟ್ಟಲೆ. ಬಿಳಿ ಸೀಲಿಂಗಿನಲ್ಲಿ ಈಗಲೇ ಒಂದು ಕಂದು ಕಲೆ ಇದೆ. ಮಳೆ ನಿಂತರೂ ಅದು ದೊಡ್ಡದಾಗುತ್ತಿದೆ.

ಮೊದಲು ಹೆದರಿಕೆ ಕಾಲಡಿ ಇತ್ತು. ಕಾಲಿಗೆ ತಿಳಿಯುತ್ತಿತ್ತು. ತಲೆಯ ಮೇಲಿರುವುದನ್ನು ಯಾವುದರಿಂದ ತಿಳಿಯಬೇಕು?

ನಂದೀಶಣ್ಣ ಈಗ ಇಲ್ಲ, ಲಕ್ಷ್ಮೇಶ್ವರದಲ್ಲಿ ಅಂಗಡಿಗೆ ಸೇರಿದ್ದಾನಂತೆ. ಇರುವ ಹೊಸಬನಿಗೆ ನಿಜವಾಗಿ ಗೊತ್ತಿಲ್ಲ.

ಮಂಜುಳಾಳಿಗೆ ಹೇಳಬೇಕೆಂದು ಅವಳ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು. "ಮತ್ತೇನ್ ತಂದಿ? ನಿಮ್ಮ ದೊಡ್ಡವ್ವಂದು ಕಿವಿ ಹೋತು, ಅಕಿ ಬಂದು ಹೋಗಿಂದ ನಮ್ಮ ಹೊಟ್ಟಿ ಹೋತು. ಎರಡ ತಿಂಗಳಾತು ಈ ಹುಡುಗ್ರಿಗೆ ಹಾಲ್ ಕಂಡಿಲ್ಲ. ಈ ಸಲಾ ನೀ ಬಾಯಿ ತಗದಿ ಅಂದ್ರ ನೋಡು." ನಾನು ಬಾಯಿ ತೆರೆದೇ ಇರಲಿಲ್ಲ, ದೊಡ್ಡವ್ವ. ಅಲ್ಲಿಯೇ ನಿಂತು ಅವಳ ಸಣ್ಣ ಮಗನನ್ನು ನೋಡಿ ಬಂದೆ.

ಫಿಜಾಳಿಗೂ ಹೆದರಿಕೆ ಇದೆ. ಆದರೆ ಅವಳ ನಿಕಾಹ ಮುಂದಿನ ತಿಂಗಳು. "ನೀ ಬಂದ್ರ ಬರ್ತೀನಿ, ನೀ ಬರಲಿಕ್ರೂ ಬರಬೇಕಾಕ್ಕೈತಿ" ಎಂದಳು. ನಿನ್ನ ಖಣವನ್ನು ಒಳಗಂಗಿಗೆ ಸೇರಿಸಿ ಹೊಲಿದಿದ್ದಾಳೆ, ಎದೆಯ ಹತ್ತಿರ.

ಒಂದು ನಿರ್ಧಾರ ಮಾಡಿದ್ದೇನೆ. ಸೋಮವಾರ ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಒಳಗೆ ಹೋಗುವುದಿಲ್ಲ. ಚಪ್ಪಲಿ ಬಿಟ್ಟು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಮೇಲಿನ ಥಾನು ಇಳಿಸಿ, ಆ ಹಲಗೆ ತೆಗೆದು ತೋರಿಸಿ, ಆಮೇಲೆ ಹೋಗೋಣ ಎನ್ನಬೇಕು. ಇಷ್ಟನ್ನು ಮನೆಯಲ್ಲಿ ಅವ್ವನ ಮುಂದೆ ಹೇಳಿ ನೋಡಿದೆ, ಅರ್ಧಕ್ಕೆ ನಿಂತಿತು. ಮಾತು ಬರದಿದ್ದರೆ ಫಿಜಾಳ ಕೈ ಹಿಡಿಯುತ್ತೇನೆ. ಅವಳು ಎಳೆದರೂ ಬಿಡುವುದಿಲ್ಲ. ಅವರು ನೂಕುತ್ತಾರೆ, ಬೈಯುತ್ತಾರೆ. ಮಂಜುಳಾ ಹೊಡೆದರೂ ಹೊಡೆದಾಳು.

ಒಬ್ಬಳೇ ನಿಂತರೆ ಹುಚ್ಚಿ ಎನ್ನುತ್ತಾರೆ. ಇಬ್ಬರು ನಿಂತರೆ ಏನೆನ್ನುತ್ತಾರೋ ಗೊತ್ತಿಲ್ಲ.

ಬಾ ಎಂದು ಬರೆಯುತ್ತಿಲ್ಲ.

ಶಿವಿ


ಡಂಬಳ
೧೮ ಅಕ್ಟೋಬರ್ ೨೦೨೪

ಶಿವಿಗೆ,

ಸೋಮವಾರದ ಮೊದಲ ಬಸ್ಸಿಗೆ ಬರುತ್ತೇನೆ. ಸಂಗಪ್ಪನೇ ಆ ಗಾಡಿಯಲ್ಲಿದ್ದಾನೆ, ಮನೆಗೇ ಬಂದು ಎಬ್ಬಿಸಿ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ನಿನಗೆ ಮಾತು ಬರದಿದ್ದರೆ ನಾನು ಕೂಗುತ್ತೇನೆ. ಅವರು ಬೈದರೆ ನನಗೆ ಕೇಳಿಸುವುದಿಲ್ಲ. ನನಗೂ ಹೆದರಿಕೆ ಇದೆ. ನಿನ್ನೆಯಿಂದ ರೊಟ್ಟಿ ಇಳಿಯುತ್ತಿಲ್ಲ.

ಕೆಳಗಿನ ಕೋಣೆಗೆ ಎರಡು ಬಾಗಿಲು, ಅಂದು ಬಂದಾಗ ನೋಡಿದ್ದೇನೆ. ಒಂದು ರೈಲಿನ ಕಡೆ, ಒಂದು ಊರ ಕಡೆ. ಎಡ ಬಲ ಎಂದು ಬರೆಯಬೇಡ. ನಾನು ನಂಬುವುದಿಲ್ಲ.

ನೀನು ಯಾವುದರಲ್ಲಿ ನಿಲ್ಲುತ್ತೀ ಎಂದು ಬರೆ. ಇನ್ನೊಂದರಲ್ಲಿ ನಾನು ನಿಲ್ಲುತ್ತೇನೆ.

ನಿನ್ನ ದೊಡ್ಡವ್ವ
ಅನ್ನಪೂರ್ಣವ್ವ